ಪದವಿನ ಮೇಲೊಂದು ರನ್‌ವೇ

ಮಂಗಳೂರಿಗೆ ಮೊದಲ ಸಲ ವಿಮಾನದಲ್ಲಿ ಬರುವವರು ಕಿಟಕಿಯಿಂದ ಇಣುಕಿದರೆ ನೆಲ ಹತ್ತಿರವಾಯಿತು ಎಂದು ಅನ್ನಿಸುವುದೇ ಇಲ್ಲ. ತೆಂಗಿನ ತೋಟ, ಹಂಚಿನ ಮಾಡು, ಹೊಳೆಯ ತಿರುವು ಎಲ್ಲವೂ ಇನ್ನೂ ಕೆಳಗಿರುವಾಗಲೇ ಚಕ್ರ ನೆಲ ಮುಟ್ಟಿರುತ್ತದೆ. ನಗರದಿಂದ ಸುಮಾರು 13 ಕಿ.ಮೀ. ದೂರದ ಬಜ್ಪೆ–ಕೆಂಜಾರಿನ ಈ ನಿಲ್ದಾಣ ಇರುವುದು ಸಮುದ್ರಮಟ್ಟದಿಂದ 100 ಮೀಟರಿನಷ್ಟು ಎತ್ತರದಲ್ಲಿ, ಕರಾವಳಿಯವರು ಪದವು ಎಂದು ಕರೆಯುವ ಮುರಕಲ್ಲಿನ ಗುಡ್ಡದ ನೆತ್ತಿಯ ಮೇಲೆ. ರನ್‌ವೇ ಮುಗಿದ ಕಡೆ ಗುಡ್ಡವೂ ಮುಗಿಯುತ್ತದೆ. ಎಪ್ಪತ್ತು ವರ್ಷಗಳಲ್ಲಿ ಈ ನಿಲ್ದಾಣ ಕಂಡ ಏಳುಬೀಳುಗಳೆಲ್ಲ ಈ ಒಂದು ಸಂಗತಿಯ ಸುತ್ತಲೇ ನಡೆದಿವೆ.

ಗುಡ್ಡವೇ ಯಾಕೆ?

1951ರಲ್ಲಿ ಮಂಗಳೂರು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಕೇಂದ್ರ. ಹಂಚು, ಗೋಡಂಬಿ, ಕಾಫಿಯ ವ್ಯಾಪಾರ ಜೋರಾಗಿತ್ತು. ಕರಾವಳಿಯ ಹೋಟೆಲಿನವರು ಅಷ್ಟರಲ್ಲಾಗಲೇ ಮುಂಬೈಯಲ್ಲಿ ನೆಲೆ ಕಂಡಿದ್ದರು. ಆದರೆ ಹೊರಗಿನ ದಾರಿಗಳು ಕಷ್ಟದವು. ಪೂರ್ವಕ್ಕೆ ಘಟ್ಟ, ಉತ್ತರಕ್ಕೆ ಒಂದರ ಮೇಲೊಂದು ಹೊಳೆ. ಮುಂಬೈಗೆ ಹೋಗುವ ಹಡಗುಗಳು ಮಳೆಗಾಲದಲ್ಲಿ ನಿಲ್ಲುತ್ತಿದ್ದವು. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ.

ವಿಮಾನಕ್ಕೆ ಬೇಕಾದ ಉದ್ದನೆಯ ಸಪಾಟು ನೆಲವೂ ಇಲ್ಲಿ ಸುಲಭಕ್ಕೆ ಸಿಗುವಂಥದ್ದಲ್ಲ. ತಗ್ಗಿನಲ್ಲಿ ಗದ್ದೆ, ತೋಟ, ನೀರು. ಕಡಲ ಬದಿಯಲ್ಲಿ ಊರು ಮತ್ತು ಮರಳು. ಉಳಿದದ್ದು ಬೇಸಾಯಕ್ಕೆ ಹೆಚ್ಚು ಒದಗದ, ನೀರು ನಿಲ್ಲದ, ಗಟ್ಟಿ ತಳದ ಪದವು. ಅಲ್ಲೇ ಬಜ್ಪೆ ಏರೋಡ್ರೋಮ್ ಹುಟ್ಟಿತು. 1951ರ ಡಿಸೆಂಬರ್ 25ರಂದು, ಕ್ರಿಸ್ಮಸ್ ದಿನ, ಪ್ರಧಾನಿ ಜವಾಹರಲಾಲ್ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದದ್ದೇ ಅದರ ಉದ್ಘಾಟನೆ.

ಎರಡು ಪ್ರೊಪೆಲ್ಲರಿನ ಡಕೋಟಾಕ್ಕೆ ಸಣ್ಣ ರನ್‌ವೇ ಸಾಕಿತ್ತು. ವಿಮಾನಗಳು ದೊಡ್ಡದಾದಂತೆ ಗುಡ್ಡ ಚಿಕ್ಕದಾಗುತ್ತ ಬಂತು. ಹಳೆಯ ರನ್‌ವೇಯ ಉದ್ದ 1,615 ಮೀಟರ್. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸಿನ ಆವ್ರೋ ವಿಮಾನವೊಂದು ಒದ್ದೆ ರನ್‌ವೇಯಲ್ಲಿ ಇಳಿದು, ನಿಲ್ಲಲಾಗದೆ ತುದಿ ದಾಟಿತು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಆದರೆ ಇಲ್ಲಿ ಅಂಚು ಎಷ್ಟು ಹತ್ತಿರ ಎಂಬುದನ್ನು ಆ ದಿನ ತೋರಿಸಿಕೊಟ್ಟಿತ್ತು.

ಗಲ್ಫಿನ ಒತ್ತಾಯ

ಎಪ್ಪತ್ತರ ದಶಕದಿಂದ ಕರಾವಳಿಯ ಮನೆ ಮನೆಗಳಿಂದ ಜನ ಗಲ್ಫ್ ದೇಶಗಳಿಗೆ ದುಡಿಯಲು ಹೊರಟರು. ಊರಲ್ಲೇ ವಿಮಾನ ನಿಲ್ದಾಣವಿದ್ದರೂ ದುಬೈಗೆ ಹೋಗಬೇಕಾದವರು ಮೊದಲು ಮುಂಬೈ ಸೇರಬೇಕು, ಇಲ್ಲವೇ ಕೇರಳದ ಕಡೆ ಮುಖ ಮಾಡಬೇಕು. ಎರಡು ವರ್ಷಕ್ಕೊಮ್ಮೆ ಸಿಗುವ ರಜೆಯಲ್ಲಿ ಹೋಗುಬರುವ ದಾರಿಗೇ ದಿನಗಳು ಕಳೆಯುತ್ತಿದ್ದವು. ನೇರ ವಿಮಾನ ಬೇಕೆಂಬ ಕೂಗು ಎದ್ದದ್ದು ಹೀಗೆ. ಅದಕ್ಕೆ ಬೇಕಾದದ್ದು ಉದ್ದದ ರನ್‌ವೇ.

ಹಳೆಯ ರನ್‌ವೇ ಪೂರ್ವ–ಪಶ್ಚಿಮವಾಗಿತ್ತು. ಎರಡು ತುದಿಗಳಲ್ಲೂ ಇಳಿಜಾರು. ಅದಕ್ಕೇ ಪದವಿನ ಮೇಲೆ ಬೇರೊಂದು ದಿಕ್ಕಿನಲ್ಲಿ, ಈಶಾನ್ಯದಿಂದ ನೈಋತ್ಯಕ್ಕೆ, 2,450 ಮೀಟರ್ ಉದ್ದದ ಕಾಂಕ್ರೀಟ್ ರನ್‌ವೇ ಹಾಕುವ ಯೋಜನೆ ಸಿದ್ಧವಾಯಿತು. ಇದಕ್ಕೆ ಸ್ಥಳೀಯ ವಿರೋಧವೂ ಇತ್ತು. ತುದಿಯಲ್ಲಿ ಸುರಕ್ಷತೆಗೆ ಸಾಕಷ್ಟು ಜಾಗವಿಲ್ಲ, ಅವಘಡವಾದರೆ ರಕ್ಷಣೆಗೆ ದಾರಿಯಿಲ್ಲ ಎಂದು ವಿಸ್ತರಣೆಯನ್ನು ವಿರೋಧಿಸಿದವರು ಹೈಕೋರ್ಟಿಗೆ ಹೋದರು, ಸುಪ್ರೀಂ ಕೋರ್ಟಿನವರೆಗೂ ಹೋದರು. ನ್ಯಾಯಾಲಯಗಳು ಯೋಜನೆಯನ್ನು ತಡೆಯಲಿಲ್ಲ. 2006ರಲ್ಲಿ ಹೊಸ ರನ್‌ವೇ ಬಳಕೆಗೆ ಬಂತು. ಅದೇ ವರ್ಷ ಏರ್ ಇಂಡಿಯಾ ಎಕ್ಸ್‌ಪ್ರೆಸ್ ದುಬೈಗೆ ನೇರ ಹಾರಾಟ ಆರಂಭಿಸಿತು. ಎರಡು ರನ್‌ವೇಗಳಿರುವ ನಿಲ್ದಾಣ ಎಂಬ ಹೆಸರು ಮಂಗಳೂರಿಗೆ ಬೆಂಗಳೂರಿಗಿಂತ ಎಷ್ಟೋ ಮೊದಲೇ ಬಂದಿತ್ತು. 2010ರ ಮೇ 15ರಂದು ಕೆಂಜಾರಿನ ಬದಿಯಲ್ಲಿ ಹೊಸ ಟರ್ಮಿನಲ್ ಉದ್ಘಾಟನೆಯಾಯಿತು.

ಏಳೇ ದಿನದಲ್ಲಿ

ಅದಾಗಿ ಏಳೇ ದಿನಕ್ಕೆ, ಮೇ 22ರ ಬೆಳಿಗ್ಗೆ ಆರರ ಸುಮಾರಿಗೆ, ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಬೋಯಿಂಗ್ 737-800 ರನ್‌ವೇ ದಾಟಿ ಕಣಿವೆಗೆ ಬಿದ್ದು ಉರಿಯಿತು. ಒಳಗಿದ್ದ 166 ಮಂದಿಯಲ್ಲಿ 158 ಜನ ಸತ್ತರು. ಎಂಟು ಜನ ಉಳಿದರು. ಗುಡ್ಡದ ಇಕ್ಕಟ್ಟು ದಾರಿಯಲ್ಲಿ ಮೊದಲು ಓಡಿಬಂದವರು ಆಸುಪಾಸಿನ ಊರಿನವರು.

ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖೆಯಲ್ಲಿ ಬಯಲಾದ ಸಂಗತಿಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಕಾಕ್‌ಪಿಟ್ ಧ್ವನಿಮುದ್ರಣ ಇದ್ದದ್ದು 2 ಗಂಟೆ 5 ನಿಮಿಷ. ಅದರಲ್ಲಿ ಮೊದಲ 1 ಗಂಟೆ 40 ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಎರಡು ದಿನಗಳಿಂದ ಮಂಗಳೂರಿನ ರಾಡಾರ್ ಕೆಟ್ಟಿದ್ದರಿಂದ ವಿಮಾನಕ್ಕೆ ಕೆಳಗಿಳಿಯಲು ಅನುಮತಿ ಸಿಕ್ಕಿದ್ದು ತಡವಾಗಿ. ಇರಬೇಕಾದುದಕ್ಕಿಂತ ತೀರ ಎತ್ತರದಲ್ಲಿ, ಹೆಚ್ಚಿನ ವೇಗದಲ್ಲಿ ಅದು ರನ್‌ವೇಯ ಹತ್ತಿರ ಬಂತು. ಇಳಿಯುವುದು ಬೇಡ, ಮತ್ತೊಂದು ಸುತ್ತು ಬರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದರು. ಕ್ಯಾಪ್ಟನ್ ಕೇಳಲಿಲ್ಲ. 8,033 ಅಡಿ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಇಳಿದ ಮೇಲೆ ಮತ್ತೆ ಮೇಲೇಳುವ ಪ್ರಯತ್ನ ನಡೆಯಿತು, ಕಾಲ ಮೀರಿತ್ತು. ತುದಿಯಾಚೆ ಮಾರ್ಗದರ್ಶಿ ಆಂಟೆನಾಕ್ಕೆಂದು ಕಟ್ಟಿದ್ದ ಕಾಂಕ್ರೀಟ್ ದಿಬ್ಬಕ್ಕೆ ರೆಕ್ಕೆ ಬಡಿಯಿತು. ಅದರಾಚೆ ಇದ್ದದ್ದು ಕಣಿವೆ.

ತಪ್ಪು ಕ್ಯಾಪ್ಟನ್ನರದು ಎಂದು ವರದಿ ಹೇಳಿತು. ಅದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಉಳಿಯಿತು: ಬಯಲಿನ ನಿಲ್ದಾಣದಲ್ಲಾಗಿದ್ದರೆ ಇದೇ ತಪ್ಪಿಗೆ ಇಷ್ಟು ಜೀವ ಹೋಗುತ್ತಿತ್ತೇ? ಹತ್ತು ವರ್ಷದ ಬಳಿಕ, 2020ರ ಆಗಸ್ಟ್ 7ರಂದು, ಇಂಥದೇ ಗುಡ್ಡದ ನೆತ್ತಿಯ ಕೋಯಿಕ್ಕೋಡ್ ನಿಲ್ದಾಣದಲ್ಲಿ ಅದೇ ಸಂಸ್ಥೆಯ ವಿಮಾನ ಮಳೆಯಲ್ಲಿ ತುದಿ ದಾಟಿ ಬಿದ್ದಾಗ ಈ ಪ್ರಶ್ನೆ ಮತ್ತೆ ಎದ್ದಿತು. ಮಂಗಳೂರಿನ ಮೃತರ ಸ್ಮಾರಕ ಕೂಳೂರಿನ ಬಳಿ ಫಲ್ಗುಣಿ ನದಿಯ ದಡದಲ್ಲಿದೆ.

ಒಂದು ಇಳಿಕೆಯ ಹಿಂದೆ

ಈ ನೆಲದ ಸ್ವಭಾವ ಇಲ್ಲಿನ ನಿತ್ಯದ ಕೆಲಸವನ್ನೂ ರೂಪಿಸಿದೆ. ಇಲ್ಲಿ ವಿಮಾನ ಏರಿಸುವುದೂ ಇಳಿಸುವುದೂ ಕ್ಯಾಪ್ಟನ್ನರೇ ಮಾಡಬೇಕು, ಸಹಪೈಲಟ್‌ಗೆ ಬಿಡುವಂತಿಲ್ಲ ಎಂಬ ನಿಯಮ ಬಂದದ್ದು ಅದರಿಂದಲೇ. ಹೊಸ ರನ್‌ವೇಯ ಒಂದು ತುದಿಗೆ 24, ಇನ್ನೊಂದಕ್ಕೆ 06 ಎಂದು ಸಂಖ್ಯೆ. ದಿಕ್ಸೂಚಿಯ ಸುಮಾರು 240 ಮತ್ತು 60 ಡಿಗ್ರಿಗಳನ್ನು ಅವು ಸೂಚಿಸುತ್ತವೆ. ಎದುರುಗಾಳಿಗೆ ಮುಖ ಮಾಡಿ ಇಳಿದರೆ ನೆಲಕ್ಕೆ ತಾಗುವ ವೇಗ ತಗ್ಗುತ್ತದೆ. ಕಡಲಿನಿಂದ ಗಾಳಿ ಬೀಸುವಾಗ 24ರ ಕಡೆಯಿಂದ ಇಳಿಯುವುದು ಅದಕ್ಕೇ.

ಕಷ್ಟದ ಕಾಲ ಜೂನ್‌ನಿಂದ. ವರ್ಷಕ್ಕೆ 3,500 ಮಿ.ಮೀ. ಮೀರುವ ಇಲ್ಲಿನ ಮಳೆಯ ದೊಡ್ಡ ಪಾಲು ಸುರಿಯುವುದು ನಾಲ್ಕು ತಿಂಗಳಲ್ಲಿ. ಮೋಡ ಗುಡ್ಡದ ಮೇಲೆಯೇ ಕುಳಿತರೆ ರನ್‌ವೇ ಕಾಣದು. ನಿಗದಿಯ ಎತ್ತರಕ್ಕೆ ಇಳಿದರೂ ದೀಪಗಳು ಕಾಣಿಸದಿದ್ದರೆ ಪೈಲಟ್ ಮತ್ತೆ ಮೇಲೇರಲೇಬೇಕು. ಆಕಾಶದಲ್ಲಿ ಸುತ್ತಿದರೂ ದಾರಿಯಾಗದಿದ್ದರೆ ಬೆಂಗಳೂರಿಗೋ ಕೊಚ್ಚಿಗೋ ತಿರುಗಬೇಕು. ಚಕ್ರಗಳು ಉಜ್ಜಿ ರನ್‌ವೇಗೆ ಅಂಟುವ ರಬ್ಬರನ್ನು ತೆಗೆಯುತ್ತಿರಬೇಕು. ಇಲ್ಲದಿದ್ದರೆ ಒದ್ದೆ ನೆಲದಲ್ಲಿ ಬ್ರೇಕು ಹಿಡಿಯದು.

2012ರಲ್ಲಿ ಇದು ಅಧಿಕೃತವಾಗಿ ಅಂತರರಾಷ್ಟ್ರೀಯ ನಿಲ್ದಾಣವಾಯಿತು. 2020ರ ಅಕ್ಟೋಬರ್ 31ರಿಂದ ಐವತ್ತು ವರ್ಷಗಳ ಗುತ್ತಿಗೆಯಲ್ಲಿ ನಿರ್ವಹಣೆ ಅದಾನಿ ಸಮೂಹದ ಕೈಗೆ ಹೋಯಿತು. ಆದರೆ ವಾಯುಸಂಚಾರ ನಿಯಂತ್ರಣ ಈಗಲೂ ವಿಮಾನ ನಿಲ್ದಾಣ ಪ್ರಾಧಿಕಾರದ್ದು, ಭದ್ರತೆ ಸಿಐಎಸ್‌ಎಫ್‌ನದ್ದು. ಅಂಗಡಿ, ಪಾರ್ಕಿಂಗ್, ಟರ್ಮಿನಲ್ ಖಾಸಗಿಯವರದಾದರೂ ಆಕಾಶದ ಹೊಣೆ ಸರಕಾರದ್ದೇ.

2018ರ ಡಿಸೆಂಬರ್‌ನಲ್ಲಿ ಕಣ್ಣೂರು ನಿಲ್ದಾಣ ಶುರುವಾದ ಮೇಲೆ ಕಾಸರಗೋಡಿನ ಪ್ರಯಾಣಿಕರಿಗೆ ಎರಡು ಆಯ್ಕೆ. ಹಾಗಾಗಿ ಮಂಗಳೂರಿಗೆ ದೊಡ್ಡ ವಿಮಾನ ಬೇಕು, ಹೊಸ ದೇಶಗಳಿಗೆ ಹಾರಾಟ ಬೇಕು ಎಂಬ ಬೇಡಿಕೆ ಇನ್ನೂ ಜೋರಾಗಿದೆ. ಬೇಡಿಕೆ ನ್ಯಾಯವಾದದ್ದೇ. ಆದರೆ ಇಲ್ಲಿ ಮೊದಲು ಕೇಳಬೇಕಾದದ್ದು ಇನ್ನೆಷ್ಟು ವಿಮಾನ ಬರುತ್ತದೆ ಎಂದಲ್ಲ. ರನ್‌ವೇ ಮುಗಿದ ಮೇಲೆ, ತಪ್ಪಿದ ವಿಮಾನ ಸುರಕ್ಷಿತವಾಗಿ ನಿಲ್ಲಲು ಎಷ್ಟು ಮೀಟರ್ ಜಾಗವಿದೆ ಎಂದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಶಿಫಾರಸು ಮಾಡುವುದು 240 ಮೀಟರ್. ಅಪಘಾತದ ದಿನ ಇಲ್ಲಿದ್ದದ್ದು ಕನಿಷ್ಠದ 90. ಈ ಗುಡ್ಡಕ್ಕೆ ಹಾಕುವ ಹಣದಲ್ಲಿ ಮೊದಲ ಪಾಲು ಆ ಮೀಟರುಗಳಿಗೆ ಸಲ್ಲಬೇಕು. ಟರ್ಮಿನಲ್‌ನ ಗಾಜು ಆಮೇಲೆ ಹೊಳೆದರೂ ನಡೆದೀತು.