ನೆಲದಡಿಯ ಮುದಿ ಪೈಪುಗಳು: ಮೊದಲ ಸರದಿ ಯಾವುದಕ್ಕೆ?

"ನಾಳೆ ನೀರು ಬರೋದಿಲ್ಲವಂತೆ, ಬಕೆಟ್ ತುಂಬಿಸಿಟ್ಟುಕೊಳ್ಳಿ" ಎಂಬ ಸುದ್ದಿ ಬಂದಾಗಲೆಲ್ಲ ನಮ್ಮವರಲ್ಲಿ ಒಂದು ಗೊಣಗಾಟ ಇದ್ದದ್ದೇ. "ಊರಲ್ಲೂ ಇದೇ ಗೋಳು, ಇಲ್ಲಿಗೆ ಬಂದರೂ ಇದೇನಾ?" ಎಂದು. ನಾನು ಸಿವಿಲ್ ಎಂಜಿನಿಯರ್ ಅಲ್ಲ, ಸಾಫ್ಟ್‌ವೇರ್‌ನವನು. ಆದರೆ ಹಳೆಯ ಪೈಪುಗಳ ಜಾಲವನ್ನು ಹೇಗೆ ಸುಧಾರಿಸುತ್ತಾರೆ ಎಂದು ಓದುತ್ತಾ ಹೋದಂತೆ, ಇದು ನಮ್ಮ ಕೆಲಸಕ್ಕೆ ಎಷ್ಟು ಹತ್ತಿರ ಅನ್ನಿಸಿತು. ಇಪ್ಪತ್ತು ವರ್ಷದ ಹಿಂದೆ ಯಾರೋ ಬರೆದಿಟ್ಟು ಹೋದ ಪ್ರೋಗ್ರಾಮು, ಒಂದು ಗಂಟೆಯೂ ನಿಲ್ಲಿಸುವಂತಿಲ್ಲ, ದಾಖಲೆ ಅರೆಬರೆ. ಪೈಪುಗಳ ಕಥೆಯೂ ಹಾಗೆಯೇ.

ಸೈಮ್ ಯುಇಪಿ ಸಂಸ್ಥೆ ಸುಬಾಂಗ್ ಜಯಾ ಬಡಾವಣೆಯನ್ನು ಶುರುಮಾಡಿದ್ದು 1976ರ ಸುಮಾರಿಗೆ. ಆ ಕಾಲದಲ್ಲಿ ಮಲೇಷ್ಯಾದ ಊರುಗಳಲ್ಲಿ ಹೆಚ್ಚಾಗಿ ಹೂಳುತ್ತಿದ್ದದ್ದು ಆಸ್ಬೆಸ್ಟಾಸ್ ಸಿಮೆಂಟಿನ ಪೈಪು. ಅಗ್ಗ, ತುಕ್ಕಿನ ಭಯವೂ ಇಲ್ಲ. ಆದರೆ ವರ್ಷ ಕಳೆದಂತೆ ಸಿಮೆಂಟಿನಲ್ಲಿರುವ ಸುಣ್ಣದ ಅಂಶ ನೀರಿಗೆ ಕರಗಿ ಪೈಪಿನ ಗೋಡೆ ಮೆತ್ತಗಾಗುತ್ತದೆ. ಮೇಲೆ ಲಾರಿ ಹೋದರೋ, ಅಡಿಯ ಮಣ್ಣು ಸ್ವಲ್ಪ ಸರಿದರೋ, ಫಟ್ ಅಂತ ಒಡೆಯುತ್ತದೆ. ಇದರ ಆಯಸ್ಸು ಐವತ್ತು ವರ್ಷ ಎಂದು ಲೆಕ್ಕ. ಮಲೇಷ್ಯಾದಲ್ಲಿ ಶುದ್ಧೀಕರಿಸಿದ ನೀರಿನಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು, ಸೋರಿಕೆ, ಕಳ್ಳತನ, ಕೆಟ್ಟ ಮೀಟರು ಹೀಗೆ ಲೆಕ್ಕಕ್ಕೆ ಸಿಗದೆ ಹೋಗುತ್ತದೆ.

ಹಾಗಾದರೆ ಎಲ್ಲವನ್ನೂ ಅಗೆದು ಹೊಸದು ಹಾಕಬಾರದೇ? ಅಷ್ಟು ದುಡ್ಡು ಯಾವ ದೇಶದಲ್ಲೂ ಇಲ್ಲ. ಆದ್ದರಿಂದ ಪ್ರತಿ ವರ್ಷದ ಪ್ರಶ್ನೆ ಒಂದೇ: ಈ ಬಾರಿ ಯಾವ ಪೈಪು? ಅತಿ ಹಳೆಯದು ಎಂದು ನೀವು ಹೇಳಬಹುದು. ಅಲ್ಲೇ ಇರುವುದು ಸ್ವಾರಸ್ಯ. ಒಡೆಯುವ ಸಂಭವ ಎಷ್ಟು, ಒಡೆದರೆ ಆಗುವ ಅನಾಹುತ ಎಷ್ಟು, ಇವೆರಡನ್ನೂ ಗುಣಿಸಿ ಸರದಿ ನಿರ್ಧರಿಸುತ್ತಾರೆ. ಹಿತ್ತಿಲ ಓಣಿಯಲ್ಲಿ ಹತ್ತು ಮನೆಗೆ ನೀರು ಕೊಡುವ ಸಣ್ಣ ಪೈಪು ವರ್ಷಕ್ಕೆ ಎರಡು ಸಲ ಒಡೆದರೂ ತೇಪೆ ಹಾಕಿ ನಡೆಸಬಹುದು. ಆಸ್ಪತ್ರೆಗೆ ಹೋಗುವ ದೊಡ್ಡ ಪೈಪು ಒಂದು ಸಲವೂ ಒಡೆಯಬಾರದು. ಈ ಗುಣಾಕಾರ ಮಾಡಬೇಕಾದರೆ ಪೈಪು ಎಲ್ಲಿದೆ, ಯಾವ ವರ್ಷದ್ದು, ಯಾವ ವಸ್ತುವಿನದು, ಹಿಂದೆ ಎಷ್ಟು ಸಲ ಒಡೆದಿದೆ ಎಂಬ ಪಟ್ಟಿ ಬೇಕು. ಅನೇಕ ನಗರಗಳಲ್ಲಿ ಈ ಪಟ್ಟಿ ಇರುವುದು ನಿವೃತ್ತಿಗೆ ಹತ್ತಿರವಾದ ಒಬ್ಬ ವಾಲ್ವ್‌ಮನ್‌ನ ತಲೆಯಲ್ಲಿ!

ಕಣ್ಣಿಗೆ ಕಾಣದ ಸೋರಿಕೆಯನ್ನು ಹಿಡಿಯುವ ಉಪಾಯ ನನಗೆ ತುಂಬ ಹಿಡಿಸಿತು. ಊರನ್ನು ಸಾವಿರ, ಎರಡು ಸಾವಿರ ಮನೆಗಳ ಸಣ್ಣ ವಲಯಗಳಾಗಿ ಒಡೆದು, ಪ್ರತಿ ವಲಯಕ್ಕೆ ನೀರು ಬರುವ ಬಾಯಲ್ಲಿ ಒಂದು ಮೀಟರ್ ಕೂರಿಸುತ್ತಾರೆ. ರಾತ್ರಿ ಎರಡರಿಂದ ನಾಲ್ಕು ಗಂಟೆಗೆ ಎಲ್ಲರೂ ನಿದ್ದೆಯಲ್ಲಿರುತ್ತಾರೆ. ಆಗಲೂ ಮೀಟರ್ ಜೋರಾಗಿ ತಿರುಗುತ್ತಿದ್ದರೆ ಆ ನೀರಿನಲ್ಲಿ ಹೆಚ್ಚಿನ ಪಾಲು ಮಣ್ಣಿಗೆ ಹೋಗುತ್ತಿದೆ ಎಂದೇ ಅರ್ಥ. ಆದರೆ ಇದು ನಡೆಯುವುದು ಪೈಪಿನಲ್ಲಿ ಸದಾ ನೀರಿರುವ ಊರಲ್ಲಿ ಮಾತ್ರ. ದಿನ ಬಿಟ್ಟು ದಿನ ನೀರು ಬಿಡುವ, ಬಂದ ನೀರೆಲ್ಲ ಸಂಪಿಗೆ ಇಳಿಯುವ ನಮ್ಮ ಊರುಗಳಲ್ಲಿ ರಾತ್ರಿಯ ಮೀಟರ್ ಏನು ಹೇಳೀತು?

ಈಗ ಹುಬ್ಬಳ್ಳಿ-ಧಾರವಾಡಕ್ಕೆ ಬರೋಣ. ಅಲ್ಲಿಯವರಿಗೆ "ನಳಾ ಬಂತು" ಅಂದರೆ ಹಬ್ಬವಿದ್ದ ಹಾಗೆ. ವಾರಕ್ಕೊಮ್ಮೆ ನೀರು ಬಂದ ದಿನಗಳನ್ನು ಕಂಡವರು ನಮ್ಮ ನಡುವೆಯೂ ಇದ್ದಾರೆ. 2004ರಲ್ಲಿ ವಿಶ್ವಬ್ಯಾಂಕಿನ ಸಾಲದೊಂದಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳಲ್ಲಿ ಒಂದು ಪ್ರಯೋಗ ಶುರುವಾಯಿತು. ಮೂರೂ ಕಡೆ ಸೇರಿ ಐದು ವಲಯ, ಜನಸಂಖ್ಯೆಯ ಸುಮಾರು ಶೇಕಡ 10 ಭಾಗ. ಫ್ರಾನ್ಸಿನ ವಿಯೋಲಿಯಾ ಕಂಪನಿಗೆ ಉಸ್ತುವಾರಿ. ಹಳೆಯ ಜಾಲಕ್ಕೆ ತೇಪೆ ಹಾಕುವ ಬದಲು ಹೊಸ ಪೈಪು, ಪ್ರತಿ ಮನೆಗೆ ಮೀಟರ್. 2008ರ ಹೊತ್ತಿಗೆ ಈ ವಲಯಗಳಲ್ಲಿ ದಿನದ 24 ಗಂಟೆಯೂ ನೀರು ಬಂತು. ಇಷ್ಟು ನೀರು ಎಲ್ಲಿಂದ ಬಂದೀತು ಎಂದು ಮೂಗು ಮುರಿದವರು ಆಗ ಕಡಿಮೆಯೇನಿರಲಿಲ್ಲ.

ಮುಂದೆ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಹುಬ್ಬಳ್ಳಿ-ಧಾರವಾಡದ ಎರಡೂ ಬಗೆಯ ನಲ್ಲಿಗಳ ನೀರನ್ನು ಪರೀಕ್ಷಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ಬಿಟ್ಟು ಬಿಟ್ಟು ಬರುವ ನಲ್ಲಿಗಳ ಮಾದರಿಗಳಲ್ಲಿ ಶೇಕಡ 31.7ರಲ್ಲಿ ಇ-ಕೊಲೈ, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ. ಸದಾ ಬರುವ ನಲ್ಲಿಗಳಲ್ಲಿ ಶೇಕಡ 0.7 ಮಾತ್ರ. ಊರು ಅದೇ! ಕಾರಣ ಸರಳ. ಪೈಪು ತುಂಬಿ ಒತ್ತಡವಿದ್ದಾಗ ಬಿರುಕಿನಿಂದ ನೀರು ಹೊರಗೆ ಹೋಗುತ್ತದೆ. ಖಾಲಿಯಾದಾಗ ಅದೇ ಬಿರುಕಿನಿಂದ ಪಕ್ಕದ ಚರಂಡಿಯ ಕೊಳಕು ಒಳಗೆ ಬರುತ್ತದೆ. ವಾರಕ್ಕೊಮ್ಮೆ ನೀರು ಬಿಡುವುದು ಉಳಿತಾಯದಂತೆ ಕಾಣುತ್ತದೆ. ಅದರ ಬೆಲೆಯನ್ನು ಕಟ್ಟುವವರು ನೀರು ಕುದಿಸಿಕೊಳ್ಳಲಾಗದ ಬಡವರು.

ನನಗೆ ಅಸಮಾಧಾನ ಇರುವುದು ಮುಂದಿನದರ ಬಗ್ಗೆ. ಯಶಸ್ಸು ಕಣ್ಣೆದುರಿಗಿದ್ದರೂ, ಇಡೀ ಊರಿಗೆ ವಿಸ್ತರಿಸುವ ಯೋಜನೆಗೆ ವಿಶ್ವಬ್ಯಾಂಕಿನ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ. ಒಂದು ಓಣಿಯಲ್ಲಿ ಹಗಲು ರಾತ್ರಿ ನೀರು, ಆಚೆಯ ಓಣಿಯಲ್ಲಿ ಸಾಲುಗಟ್ಟಿದ ಕೊಡ. ಸರದಿ ನಿರ್ಧರಿಸುವುದು ಬರೀ ಗಣಿತವಲ್ಲ ಎನ್ನಲು ಬೇರೆ ಸಾಕ್ಷಿ ಬೇಕೇ?

ಬೆಂಗಳೂರಲ್ಲೂ ಜಲಮಂಡಳಿ ಜಪಾನಿನ ಜೈಕಾ ಸಾಲದಲ್ಲಿ ಕೆಲವು ವಿಭಾಗಗಳನ್ನು ವಲಯಗಳಾಗಿ ಒಡೆದು ಸೋರಿಕೆ ತಗ್ಗಿಸುವ ಕೆಲಸ ಮಾಡಿದೆ. ಆದರೆ ಜನರ ನೆನಪಲ್ಲಿ ಉಳಿಯುವುದು 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರ್. ಅದು ಬೇಕಾಗಿತ್ತು, ನಿಜ. ಆದರೂ ಸುಮಾರು 100 ಕಿಲೋಮೀಟರ್ ದೂರದಿಂದ, 500 ಮೀಟರ್ ಎತ್ತರಕ್ಕೆ ಕರೆಂಟು ಸುರಿದು ತಂದ ನೀರು ಮಣ್ಣಿಗೆ ಸೋರಿದರೆ ಹೊಟ್ಟೆ ಉರಿಯುವುದಿಲ್ಲವೇ? ಸೋರಿಕೆ ನಿಲ್ಲಿಸಿದ್ದಕ್ಕೆ ಯಾರೂ ಟೇಪು ಕತ್ತರಿಸುವುದಿಲ್ಲ.

ಒಳಚರಂಡಿಯ ಬಗ್ಗೆ ಎರಡು ಮಾತು. ಕೊಳಚೆಯಿಂದ ಏಳುವ ಅನಿಲ ಪೈಪಿನ ಮೇಲ್ಭಾಗದಲ್ಲಿ ಬ್ಯಾಕ್ಟೀರಿಯಾಗಳಿಂದ ಗಂಧಕಾಮ್ಲವಾಗಿ ಕಾಂಕ್ರೀಟನ್ನು ತಿನ್ನುತ್ತದೆ. ನಮ್ಮಂಥ ಸೆಕೆಯ ದೇಶಗಳಲ್ಲಿ ಇನ್ನೂ ಬೇಗ. ಬಿರುಕಿನಿಂದ ಮಣ್ಣು ಒಳಗೆ ಜಾರುತ್ತಾ ರಸ್ತೆಯಡಿ ಪೊಳ್ಳಾಗುತ್ತದೆ. ಪುಟ್ಟ ಗಾಡಿಯ ಮೇಲೆ ಕ್ಯಾಮೆರಾ ಕಟ್ಟಿ ಒಳಗೆ ಕಳಿಸಿ, ಪ್ರತಿ ಬಿರುಕಿಗೂ ಅಂಕ ಕೊಡುತ್ತಾರೆ. ಹೆಚ್ಚು ಕೆಟ್ಟಿದ್ದರೆ ರಸ್ತೆ ಅಗೆಯದೆಯೇ, ರಾಳದಲ್ಲಿ ನೆನೆಸಿದ ಬಟ್ಟೆಯ ಚೀಲವನ್ನು ಕಾಲುಚೀಲ ತಿರುವಿದಂತೆ ಒಳಗೆ ತೂರಿಸಿ, ಬಿಸಿನೀರಿನಿಂದ ಗಟ್ಟಿ ಮಾಡುತ್ತಾರೆ. ಹಳೆಯ ಪೈಪಿನೊಳಗೆ ಹೊಸ ಪೈಪು! 1971ರಲ್ಲಿ ಲಂಡನ್‌ನಲ್ಲಿ ಮೊದಲು ಮಾಡಿದ್ದು. 2024ರ ಆಗಸ್ಟ್ 23ರಂದು ಕೌಲಾಲಂಪುರದ ಮಸ್ಜಿದ್ ಇಂಡಿಯಾ ರಸ್ತೆಯಲ್ಲಿ ಕಾಲುದಾರಿ ಕುಸಿದು, ಭಾರತದಿಂದ ಬಂದಿದ್ದ ಮಹಿಳೆಯೊಬ್ಬರು ಕಣ್ಮರೆಯಾದರು. ಒಂಬತ್ತು ದಿನ ಒಳಚರಂಡಿಯಲ್ಲೆಲ್ಲ ಹುಡುಕಿದರೂ ಸಿಗಲಿಲ್ಲ. ನಾವೆಲ್ಲ ಸೀರೆ, ಹೂವು ಕೊಳ್ಳಲು ಓಡಾಡುವ ಜಾಗ ಅದು.

ಇನ್ನು ನಮ್ಮ ಪಾಲಿನದು. ಇಲ್ಲಿ ಮೀಟರಿನಿಂದ ಒಳಗಿನ ನೀರಿನ ಪೈಪು, ಮನೆಯಿಂದ ಸಾರ್ವಜನಿಕ ಒಳಚರಂಡಿಯವರೆಗಿನ ಪೈಪು ಮನೆಯ ಮಾಲೀಕರ ಜವಾಬ್ದಾರಿ. ಹಳೆಯ ಮನೆ ಕೊಳ್ಳುವವರು ಎಲ್ಲ ನಲ್ಲಿ ಮುಚ್ಚಿ, ಮೀಟರ್ ತಿರುಗುತ್ತಿದೆಯೇ ನೋಡಿ. ರಜೆಗೆ ಊರಿಗೆ ಹೋದಾಗ ಅಪ್ಪ-ಅಮ್ಮನ ಮನೆಯ ಸಂಪಿನ ಮುಚ್ಚಳ ತೆಗೆಸಿ, ಚೇಂಬರ್ ಎಷ್ಟು ದೂರದಲ್ಲಿದೆ, ಗೋಡೆಯಲ್ಲಿ ಬಿರುಕಿದೆಯೇ ಎಂದು ಪರೀಕ್ಷಿಸಿ. ಬಿಟ್ಟು ಬಿಟ್ಟು ನೀರು ಬರುವ ಊರಾದರೆ ಮೊದಲ ಕೆಲವು ನಿಮಿಷದ ನೀರನ್ನು ಸಂಪಿಗೆ ಬಿಡದೆ ಗಿಡಕ್ಕೆ ಹಾಕಲು ಹೇಳಿ, ಕುಡಿಯುವ ನೀರನ್ನು ಕುದಿಸಿಯೇ ಬಳಸಲು ಹೇಳಿ.