ಕಾಂಪೇಚೆ: ಕೋಟೆಯ ಬೆನ್ನಿಗಿರುವ ಕಾಡು

ಮೆಕ್ಸಿಕೋದ ಯುಕಾಟಾನ್ ಪರ್ಯಾಯದ್ವೀಪದ ಪಶ್ಚಿಮ ಕರಾವಳಿಯಲ್ಲಿರುವ ಕಾಂಪೇಚೆಗೆ ಬಂದವರಿಗೆ ಮೊದಲು ತೋರಿಸುವುದು ಕೋಟೆಯನ್ನು, ಮೊದಲು ಹೇಳುವುದು ಕಡಲ್ಗಳ್ಳರ ಕಥೆಯನ್ನು. ಕಥೆ ನಿಜವೇ. 1663ರಲ್ಲಿ ಇಂಗ್ಲಿಷರ ಹಡಗುಗಳು ಈ ಬಂದರನ್ನು ಸೂರೆಗೈದವು. 1685ರಲ್ಲಿ ಕಡಲ್ಗಳ್ಳ ಲಾರೆನ್ಸ್ ಡಿ ಗ್ರಾಫ್‌ನ ತಂಡ ಮತ್ತೆ ಕೊಳ್ಳೆ ಹೊಡೆಯಿತು. ಮರುವರ್ಷವೇ ಸ್ಪೇನಿನ ಆಡಳಿತ ಊರಿನ ಸುತ್ತ ಸುಣ್ಣಕಲ್ಲಿನ ಗೋಡೆ ಕಟ್ಟಿಸತೊಡಗಿತು. 18ನೇ ಶತಮಾನದ ಆರಂಭದ ಹೊತ್ತಿಗೆ ಸುಮಾರು 2.5 ಕಿಲೋಮೀಟರ್ ಸುತ್ತಳತೆಯ ಆರು ಮೂಲೆಯ ಕೋಟೆ ಎದ್ದು ನಿಂತಿತ್ತು. ಅದರ 8 ಕೊತ್ತಲಗಳಲ್ಲಿ 7 ಇಂದಿಗೂ ಇವೆ. 1999ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೂ ಕಳ್ಳರು ಇಲ್ಲಿಗೇ ಏಕೆ ಬಂದರು ಎಂದು ಕೇಳದೆ ಗೋಡೆಯನ್ನಷ್ಟೇ ನೋಡಿ ಹೊರಟವರಿಗೆ ಊರು ಅರ್ಧ ಮಾತ್ರ ಕಂಡಿರುತ್ತದೆ. ಉಳಿದರ್ಧ ಕೋಟೆಯ ಬೆನ್ನಿಗಿರುವ ಕಾಡಿನಲ್ಲಿದೆ.

ಆ ಕಾಡಿನ ತಗ್ಗು ಜೌಗುನೆಲದಲ್ಲಿ ಬೆಳೆಯುವ ಮುಳ್ಳಿನ ಮರವೊಂದರ ಕೆಂಪು ಚೇಗನ್ನು ಚಕ್ಕೆ ಮಾಡಿ ನೀರಿಗೆ ಹಾಕಿದರೆ ಬಣ್ಣ ಬಿಡುತ್ತದೆ. ಪಟಿಕ ಸೇರಿಸಿದರೆ ನೇರಳೆ, ಅನ್ನಭೇದಿ ಸೇರಿಸಿದರೆ ಕಪ್ಪು. ಉಣ್ಣೆಗೂ ರೇಷ್ಮೆಗೂ ಗಾಢ ಕಪ್ಪು ಹಚ್ಚುವುದು ಕಷ್ಟವಾಗಿದ್ದ ಯುರೋಪಿಗೆ ಈ ಮರದ ದಿಮ್ಮಿಗಳು ಹಡಗುಗಟ್ಟಲೆ ಹೋದವು. ಲೂಟಿಕೋರರಿಗೂ ಮರ ಕಡಿಯುವವರಿಗೂ ನಡುವಿನ ಗೆರೆ ಬಹಳ ತೆಳುವಾಗಿತ್ತು: ದಾಳಿಗೆ ಹೊರಡುತ್ತಿದ್ದವರಲ್ಲಿ ಅನೇಕರು ಉಳಿದ ಕಾಲದಲ್ಲಿ ನಗರದ ನೈರುತ್ಯಕ್ಕಿರುವ ಟರ್ಮಿನೋಸ್ ಹಿನ್ನೀರಿನ ದಡದಲ್ಲಿ ಬೀಡುಬಿಟ್ಟು ಮರ ಕಡಿಯುತ್ತಿದ್ದರು. ಮುಂದೆ ಪ್ರವಾಸಕಥನಗಳಿಂದ ಹೆಸರಾದ ವಿಲಿಯಂ ಡ್ಯಾಂಪಿಯರ್ 1670ರ ದಶಕದಲ್ಲಿ ಅವರೊಂದಿಗೇ ದುಡಿದ. 1717ರಲ್ಲಿ ಸ್ಪೇನಿನವರು ಅವರನ್ನು ಅಲ್ಲಿಂದ ಓಡಿಸಿದರು. 19ನೇ ಶತಮಾನದ ಕೊನೆಗೆ ಕೃತಕ ಬಣ್ಣಗಳು ಬಂದ ಮೇಲೆ ವ್ಯಾಪಾರ ಕುಸಿಯಿತು. ಮರದ ಉಪಯೋಗ ಮುಗಿಯಲಿಲ್ಲ. ಆಸ್ಪತ್ರೆಯ ಪ್ರಯೋಗಾಲಯಗಳಲ್ಲಿ ಅಂಗಾಂಶದ ತುಣುಕನ್ನು ಸೂಕ್ಷ್ಮದರ್ಶಕದ ಕೆಳಗಿಡುವ ಮೊದಲು ಜೀವಕೋಶಗಳ ಕೇಂದ್ರ ಎದ್ದು ಕಾಣುವಂತೆ ಹಚ್ಚುವ ಹೆಮಟಾಕ್ಸಿಲಿನ್ ಈ ಮರದ ಕೊಡುಗೆ. ಕ್ಯಾನ್ಸರ್ ಪತ್ತೆಗೆ ಇಂದಿಗೂ ನೆರವಾಗುವ ಬಣ್ಣವಿದು ಎಂಬ ಮಾತು ಕೊತ್ತಲದ ಮೇಲಿನ ಫಿರಂಗಿಗಿಂತ ನನಗೆ ದೊಡ್ಡದಾಗಿ ಕಾಣುತ್ತದೆ.

ಬಣ್ಣದ ವ್ಯಾಪಾರ ಬೆಳೆಯುವ ಮೊದಲೇ, 16ನೇ ಶತಮಾನದಲ್ಲೇ, ಇಲ್ಲಿ ದಾಳಿಗಳಾಗಿದ್ದವಲ್ಲ ಎಂದು ಯಾರಾದರೂ ಕೇಳಬಹುದು. ಸರಿಯಾದ ಪ್ರಶ್ನೆ. ಬೆಳ್ಳಿ, ಆಹಾರ, ಒತ್ತೆಹಣ, ಎಲ್ಲಕ್ಕೂ ಕಳ್ಳರು ಬರುತ್ತಿದ್ದರು. ಮರವೊಂದೇ ಕಾರಣವೆಂದು ನಾನೂ ಹೇಳಲಾರೆ. ಆದರೆ ಬಂದು ಹೋಗುವ ಕಳ್ಳನಿಗೂ ಪಕ್ಕದಲ್ಲೇ ನೆಲೆಯೂರಿದ ಕಳ್ಳನಿಗೂ ವ್ಯತ್ಯಾಸವಿದೆ. ಅವರನ್ನು ಈ ಕರಾವಳಿಯಲ್ಲಿ ವರ್ಷಗಟ್ಟಲೆ ಹಿಡಿದಿಟ್ಟದ್ದು ಮರವೇ.

ಕಾಡಿನಲ್ಲಿ ಮರವಷ್ಟೇ ಅಲ್ಲ, ಹಳೆಯ ಮಾಯಾ ಊರುಗಳೂ ಇವೆ. ಸ್ಪೇನಿನ ಕೋಟೆಗೂ ಅವಕ್ಕೂ ಏನು ಸಂಬಂಧ ಎಂಬುದು ಇನ್ನೊಂದು ಆಕ್ಷೇಪ. ಈ ನಗರವನ್ನು 1540ರಲ್ಲಿ ಕಟ್ಟಿದ್ದೇ ಮಾಯಾ ಜನವಸತಿಯ ಜಾಗದಲ್ಲಿ. ಹತ್ತಿರದ ಮಾಯಾ ನಗರ ಎಡ್ಜ್ನಾದಲ್ಲಿ ಐದು ಅಂತಸ್ತಿನ ಕಟ್ಟಡದ ಚಿತ್ರ ತೆಗೆದು ಹೊರಡುವವರೇ ಹೆಚ್ಚು. ಮಳೆನೀರು ಹಿಡಿಯಲು ತೋಡಿದ ಕಾಲುವೆಗಳನ್ನು ಹುಡುಕಿ ನೋಡಬೇಕು. ನದಿಯೇ ಇಲ್ಲದ ಸುಣ್ಣಕಲ್ಲಿನ ನೆಲದಲ್ಲಿ ಬದುಕುವ ವಿದ್ಯೆ ಸ್ಪೇನಿನವರಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ಇಲ್ಲಿತ್ತು. ಕಾಲಕ್‌ಮುಲ್ ಸುಮಾರು 300 ಕಿಲೋಮೀಟರ್ ದೂರ, ದಟ್ಟ ಕಾಡಿನೊಳಗೆ. ಒಂದು ಕಾಲದಲ್ಲಿ ಇನ್ನೊಂದು ಮಾಯಾ ನಗರವಾದ ಟಿಕಾಲ್‌ಗೆ ಸರಿಸಾಟಿಯಾಗಿದ್ದ ಆ ರಾಜಧಾನಿಯನ್ನೂ ಸುತ್ತಲಿನ ಕಾಡನ್ನೂ 2014ರಲ್ಲಿ ಯುನೆಸ್ಕೋ ಒಂದೇ ಪರಂಪರೆಯ ತಾಣವೆಂದು ಒಪ್ಪಿತು. ಅಷ್ಟು ದೂರ ಹೋಗಲಾಗದವರು ನಗರದಂಚಿನ ಗುಡ್ಡದ ಮೇಲಿನ ಸ್ಯಾನ್ ಮಿಗೆಲ್ ಕೋಟೆಗಾದರೂ ಹೋಗಬೇಕು. ಕಡಲಿನತ್ತ ಫಿರಂಗಿ ಹೂಡಲು ಕಟ್ಟಿದ ಆ ಕೋಟೆ ಈಗ ಪುರಾತತ್ತ್ವ ಸಂಗ್ರಹಾಲಯ; ಕಾಲಕ್‌ಮುಲ್‌ನ ಸಮಾಧಿಗಳಲ್ಲಿ ಸಿಕ್ಕ ಹಸಿರುಶಿಲೆಯ ಮುಖವಾಡಗಳು ಅಲ್ಲಿವೆ.