ಉಡ, ಓತಿ ಮತ್ತು ಅದ್ಭುತಕಥೆಯ ಕವಲುಗಳು

ಹೊಸೂರಿನ ಚಂದ್ರಚೂಡೇಶ್ವರನ ಬೆಟ್ಟವನ್ನು ಏರುವಾಗ ಆ ಸ್ಥಳದ ಪುರಾಣವನ್ನು ಬಲ್ಲ ಹಿರಿಯರು ಯಾರಾದರೂ ಜೊತೆಗಿದ್ದರೆ, ಪರಮೇಶ್ವರನು ಒಮ್ಮೆ ಹೊಂಬಣ್ಣದ ಉಡದ ರೂಪವನ್ನು ತಾಳಿ ಈ ಅರಣ್ಯಕ್ಕೆ ಬಂದನೆಂದೂ, ಅದರ ಕಾಂತಿಗೆ ಮನಸೋತ ಪಾರ್ವತಿಯು ಅದನ್ನು ಹಿಡಿಯಲೆಂದು ಹಿಂಬಾಲಿಸಿ ಬಂದು ಇಲ್ಲಿಯೇ ಮರಕತಾಂಬೆಯಾಗಿ ನೆಲೆಸಿದಳೆಂದೂ ಹೇಳದೆ ಬಿಡುವುದಿಲ್ಲ. ಬೆಟ್ಟದಿಂದಿಳಿದು ಅದೇ ಊರಿನ ಒಂದು ಕನ್ನಡದ ಮನೆಯನ್ನು ಹೊಕ್ಕರೆ, ಅಲ್ಲಿಯ ಪುಸ್ತಕದ ಕಪಾಟಿನಲ್ಲಿ 1980ರಲ್ಲಿ ಪ್ರಕಟವಾದ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಇದ್ದೀತು. ಅದರಲ್ಲಿಯೂ ಉಡದ ದೂರದ ದಾಯಾದಿಯಾದ ಒಂದು ಪ್ರಾಣಿಯಿದೆ, ಮರದಿಂದ ಮರಕ್ಕೆ ಹಾರುವ ಓತಿ. ಬೆಟ್ಟದ ಕಥೆಯನ್ನು ಕೇಳಿಯೂ ಕಾದಂಬರಿಯನ್ನು ಓದಿಯೂ ಬೆಳೆದ ತರುಣರು, 'ಇವೆರಡೂ ಫ್ಯಾಂಟಸಿಯೇ ಅಲ್ಲವೆ?' ಎಂದು ಕೇಳುವುದುಂಟು. ಎರಡೂ ಅಲ್ಲ. ಏಕೆ ಅಲ್ಲವೆಂಬುದನ್ನು ನಿಧಾನವಾಗಿ ವಿಚಾರಿಸಿದರೆ, ಫ್ಯಾಂಟಸಿ ಎಂದು ನಾವು ಇಂದು ಕರೆಯುವ ಅದ್ಭುತಕಥೆಯ ಸ್ವರೂಪವೂ ಅದರ ಕವಲುಗಳೂ ತಾವಾಗಿಯೇ ತಿಳಿಯಾಗುತ್ತವೆ.

ಕಥೆಯೊಳಗೆ ಎಂತಹ ಪ್ರಾಣಿಯಿದೆ, ಎಂತಹ ಪವಾಡವಿದೆ ಎಂಬುದರಿಂದ ಕಥೆಯ ಜಾತಿ ನಿರ್ಣಯವಾಗುತ್ತದೆಂಬುದು ಎಲ್ಲಕ್ಕಿಂತ ವ್ಯಾಪಕವಾದ ತಪ್ಪು ಕಲ್ಪನೆ. ಉಳಿದ ತಪ್ಪುಗಳಲ್ಲಿ ಬಹುಪಾಲು ಇದರ ಸಂತತಿಯೇ. ನಿಜವಾಗಿ ಜಾತಿಯನ್ನು ನಿರ್ಣಯಿಸುವುದು ಪ್ರಾಣಿಯಲ್ಲ. ಹೇಳುವವನಿಗೂ ಕೇಳುವವನಿಗೂ ನಡುವೆ ಆ ಅದ್ಭುತದ ವಿಷಯದಲ್ಲಿ ಏರ್ಪಟ್ಟಿರುವ ಒಪ್ಪಂದ. ಚಂದ್ರಚೂಡೇಶ್ವರನ ಉಡವನ್ನು ಹೇಳುವವನು ಕಲ್ಪಿಸಲಿಲ್ಲ, ಕೇಳುವವನು ಕಲ್ಪನೆಯೆಂದು ಸ್ವೀಕರಿಸುವುದೂ ಇಲ್ಲ; ಅದು ಶ್ರದ್ಧೆಯ ಕಥೆ, ಸ್ಥಳಪುರಾಣ. ಕರ್ವಾಲೊವಿನ ಓತಿಯಾದರೋ ಪಶ್ಚಿಮಘಟ್ಟದ ಕಾಡುಗಳಲ್ಲಿ ಇಂದಿಗೂ ಇರುವ ನಿಜವಾದ ಜೀವಿ. ಅದು ತನ್ನ ಪಕ್ಕೆಲುಬುಗಳನ್ನು ಬಿಚ್ಚಿ, ಅವುಗಳಿಗೆ ಅಂಟಿಕೊಂಡಿರುವ ಚರ್ಮವನ್ನು ಕೊಡೆಯಂತೆ ಹರಡಿ ತೇಲುತ್ತದೆ. ಆ ಕಾದಂಬರಿಯ ವಿಸ್ಮಯವು ಪ್ರಕೃತಿಯ ಮುಂದೆ ನಿಂತ ಮನುಷ್ಯನ ವಿಸ್ಮಯ. ಮಾತನಾಡುವ ಪ್ರಾಣಿಗಳಿರುವ ಮಾತ್ರಕ್ಕೆ, 1031ರಲ್ಲಿ ದುರ್ಗಸಿಂಹನು ಕನ್ನಡಕ್ಕೆ ತಂದ ಪಂಚತಂತ್ರವೂ ಫ್ಯಾಂಟಸಿಯಾಗುವುದಿಲ್ಲ. ಅಲ್ಲಿಯ ಸಿಂಹವೂ ನರಿಯೂ ರಾಜನೀತಿಯನ್ನು ಬೋಧಿಸಲು ವೇಷ ತೊಟ್ಟ ಮನುಷ್ಯರು, ಎತ್ತು ಹೇಗೆ ಮಾತನಾಡಿತೆಂದು ಅಲ್ಲಿ ಯಾರೂ ಬೆರಗಾಗುವುದಿಲ್ಲ.

ಈ ವಿವೇಚನೆಗೆ ನಾವು ಹೊರಗಿನ ವಿಮರ್ಶಕರ ಬಾಗಿಲಿಗೇ ಹೋಗಬೇಕಾಗಿಲ್ಲ. ಹತ್ತನೆಯ ಶತಮಾನದ ಧನಂಜಯನು ತನ್ನ 'ದಶರೂಪಕ'ದಲ್ಲಿ ನಾಟಕದ ವಸ್ತುವನ್ನು ಪ್ರಖ್ಯಾತ, ಉತ್ಪಾದ್ಯ, ಮಿಶ್ರ ಎಂದು ಮೂರಾಗಿ ವಿಂಗಡಿಸಿದನು. ಪರಂಪರೆಯಿಂದ ಬಂದದ್ದು ಪ್ರಖ್ಯಾತ, ಕವಿಯು ತಾನೇ ಹುಟ್ಟಿಸಿದ್ದು ಉತ್ಪಾದ್ಯ, ಇವೆರಡೂ ಬೆರೆತದ್ದು ಮಿಶ್ರ. ಹೊಸೂರಿನ ಸಮೀಪದ ತೊರಪಳ್ಳಿಯಲ್ಲಿ 1878ರಲ್ಲಿ ಜನಿಸಿದ ರಾಜಾಜಿಯವರು ತಮಿಳಿನಲ್ಲಿ ಬರೆದು 1958ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆದ ರಾಮಾಯಣವು ಪ್ರಖ್ಯಾತ ವಸ್ತುವಿನ ಪುನಃಕಥನವೇ ಹೊರತು ಫ್ಯಾಂಟಸಿಯಲ್ಲ. ಕಥಾಸರಿತ್ಸಾಗರದ ತಲೆ ಅದಲುಬದಲಾದ ಕಥೆಯನ್ನೆತ್ತಿಕೊಂಡು, ಅದಕ್ಕೆ ಕುದುರೆಯ ತಲೆಯ ಮನುಷ್ಯನೊಬ್ಬನನ್ನು ತಾವೇ ಸೇರಿಸಿ ಗಿರೀಶ ಕಾರ್ನಾಡರು 1971ರಲ್ಲಿ ಹೊರತಂದ 'ಹಯವದನ'ವು ಮಿಶ್ರ. ಇಂದಿನವರು ಪೌರಾಣಿಕ ಫ್ಯಾಂಟಸಿಯೆಂದು ಕರೆಯುವ ಕವಲು ಬೆಳೆಯುವುದು ಈ ಮಿಶ್ರದ ನೆಲದಲ್ಲಿಯೇ.

ಶ್ರದ್ಧೆಯ ಕಥೆಗಳಿಗೆ ಮರಳೋಣ. ಹೊಸೂರಿನ ಸೀಮೆಯ ಅಂಚೆಟ್ಟಿಯ ಕಾಡುಗಳು ಮುಗಿಯುವಲ್ಲಿ ಕಾವೇರಿ ಹರಿಯುತ್ತಾಳೆ. ಆಕೆಯ ಆಚೆಯ ದಡದಿಂದ ಬೆಟ್ಟಗಳ ಸಾಲು ಹಿಡಿದು ಹೋದರೆ ಮಲೆಯ ಮಹದೇಶ್ವರನ ಸೀಮೆ. ಹುಲಿಯನ್ನೇರಿ ಸಂಚರಿಸುವ ಆ ಮಾದಪ್ಪನು ದೇವತೆಗಳನ್ನು ಸೆರೆಯಲ್ಲಿಟ್ಟಿದ್ದ ಶ್ರವಣನನ್ನು ಅಡಗಿಸಿದ ಕಥೆಯನ್ನು ಕಂಸಾಳೆಯವರು ರಾತ್ರಿಯೆಲ್ಲ ಹಾಡುವಾಗ, ಕೇಳುವ ಒಕ್ಕಲಿನವರು ಕೈಮುಗಿದು ಕುಳಿತಿರುತ್ತಾರೆ. ಅದೊಂದು ಸೊಗಸಾದ ಫ್ಯಾಂಟಸಿ ಎಂದು ಯಾರಾದರೂ ಹೊಗಳಿದರೆ, ಹೊಗಳಿದವನ ಉದ್ದೇಶ ಎಷ್ಟೇ ಒಳ್ಳೆಯದಾಗಿರಲಿ, ಹಾಡುವವನ ವ್ರತಕ್ಕೂ ಕೇಳುವವನ ಭಕ್ತಿಗೂ ಅದರಿಂದ ಅನ್ಯಾಯವಾಗುತ್ತದೆ. ಶೂನ್ಯದಿಂದ ಒಂದು ಲೋಕವನ್ನು ಕಟ್ಟಿ ನಿಲ್ಲಿಸುವ ಕಾದಂಬರಿಕಾರನ ಪ್ರತ್ಯೇಕ ಶ್ರಮಕ್ಕೂ ಅಷ್ಟೇ ಅನ್ಯಾಯವಾಗುತ್ತದೆ. ಕೃಷ್ಣಗಿರಿ ಜಿಲ್ಲೆಯ ಹೊಲದ ಬದುಗಳಲ್ಲಿ ನಿಂತಿರುವ ವೀರಗಲ್ಲುಗಳ ಮಾತೂ ಇಂತಹುದೇ. ತುರು ಕಾಯುವಲ್ಲಿ ಮಡಿದವನನ್ನೂ ಹುಲಿಯೊಡನೆ ಸೆಣಸಿ ಸತ್ತವನನ್ನೂ ಅಪ್ಸರೆಯರು ಇಕ್ಕೆಲದಲ್ಲಿ ಹಿಡಿದು ಸ್ವರ್ಗಕ್ಕೆ ಒಯ್ಯುವಂತೆ ಕೆತ್ತಿದ ಶಿಲ್ಪಿಯು ಕಥೆ ಕಟ್ಟುತ್ತಿರಲಿಲ್ಲ. ಕೆಳಗಿನ ಪಟ್ಟಿಕೆಯ ಕಾಳಗ ಅವನಿಗೆ ಎಷ್ಟು ಸತ್ಯವೋ ಮೇಲಿನ ಪಟ್ಟಿಕೆಯ ಸ್ವರ್ಗವೂ ಅಷ್ಟೇ ಸತ್ಯವಾಗಿತ್ತು. ಜವಳಗಿರಿಯ ನರಭಕ್ಷಕ ಹುಲಿಯ ವೃತ್ತಾಂತವನ್ನು ಕೆನೆತ್ ಆಂಡರ್ಸನ್ 1954ರ ತಮ್ಮ ಮೊದಲ ಪುಸ್ತಕದಲ್ಲಿ ಬರೆದರಷ್ಟೆ. ಅವರ ಬೇಟೆಯ ಬರಹಗಳನ್ನು ತೇಜಸ್ವಿಯವರ 'ಕಾಡಿನ ಕಥೆಗಳು' ಮಾಲೆಯಲ್ಲಿ ಓದಿದವರಿಗೆ ಮೈ ನವಿರೇಳುವುದು ದಿಟ. ಆದರೆ ಅದು ಸಾಹಸಕಥನದ ರೋಮಾಂಚ; ಅಲ್ಲಿಯ ಹುಲಿ ಕೊನೆಯವರೆಗೂ ಹುಲಿಯಾಗಿಯೇ ಇರುತ್ತದೆ.

ಹಾಗಾದರೆ ಫ್ಯಾಂಟಸಿ ಯಾವುದು? ಹೇಳುವವನೂ ಕೇಳುವವನೂ ಇದು ನಡೆದದ್ದಲ್ಲ, ನಡೆಯತಕ್ಕದ್ದೂ ಅಲ್ಲ ಎಂದು ಬಲ್ಲವರಾಗಿಯೂ, ಕಥೆ ಮುಗಿಯುವವರೆಗೆ ಅದನ್ನು ಸಂಪೂರ್ಣವಾಗಿ ನಂಬಲು ಒಡಂಬಟ್ಟು ಪ್ರವೇಶಿಸುವ ಲೋಕವೇ ಫ್ಯಾಂಟಸಿ. ಈ ನಂಬಿಕೆಯನ್ನು ಗಳಿಸುವುದು ಸುಲಭವಲ್ಲ. ಕಲ್ಪನೆಯ ಕಥೆಯಲ್ಲಿ ಏನು ಬೇಕಾದರೂ ಆಗಬಹುದು, ನಿಯಮವೆಂಬುದೇ ಇಲ್ಲ ಎಂಬ ಎರಡನೆಯ ತಪ್ಪು ಕಲ್ಪನೆ ಒಡೆಯುವುದು ಇಲ್ಲಿಯೇ. ಬೇತಾಳನ ಕಥೆಗಳನ್ನು ಸ್ಮರಿಸಿಕೊಳ್ಳಿ: ಉತ್ತರ ತಿಳಿದೂ ರಾಜನು ಮೌನವಾಗಿದ್ದರೆ ಅವನ ತಲೆ ಒಡೆದು ಹೋಗುತ್ತದೆ, ಬಾಯಿಬಿಟ್ಟು ಹೇಳಿದನೋ, ಹೆಣದೊಡನೆ ಬೇತಾಳನು ಮತ್ತೆ ಮರವನ್ನು ಸೇರುತ್ತಾನೆ. ಈ ಎರಡು ಕಟ್ಟಳೆಗಳನ್ನು ತೆಗೆದುಬಿಟ್ಟರೆ ಆ ಇಪ್ಪತ್ತೈದು ಕಥೆಗಳ ಸರಪಣಿ ಕಳಚಿ ಬೀಳುತ್ತದೆ. 1947ರಲ್ಲಿ ಮದರಾಸಿನಲ್ಲಿ ತೆಲುಗು, ತಮಿಳುಗಳಲ್ಲಿ ಪ್ರಾರಂಭವಾಗಿ ಅನಂತರ ಕನ್ನಡಕ್ಕೂ ಬಂದ 'ಚಂದಮಾಮ'ದಲ್ಲಿ ತಿಂಗಳು ತಿಂಗಳೂ ಈ ಬೇತಾಳನನ್ನು ಎದುರು ನೋಡುತ್ತಿದ್ದ ಮಕ್ಕಳಿಗೆ, ರಾಜನ ಮೌನ ಮುರಿಯುವ ಆ ಕ್ಷಣದ ಕಳವಳ ಎಷ್ಟು ನಿಯಮಬದ್ಧವಾದುದೆಂಬುದು ಯಾರೂ ಹೇಳಿಕೊಡದೆಯೇ ತಿಳಿದಿತ್ತು. ಇಂಗ್ಲಿಷ್ ಕಾದಂಬರಿಕಾರ ಟೋಲ್ಕಿನ್ ಅವರು 1939ರ ಮಾರ್ಚಿನಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯದಲ್ಲಿ ಮಾಡಿದ ಉಪನ್ಯಾಸದಿಂದ ಬೆಳೆದ ಪ್ರಸಿದ್ಧ ಪ್ರಬಂಧದಲ್ಲಿ ಪ್ರತಿಪಾದಿಸಿದ್ದೂ ಇದನ್ನೇ: ಕಥೆಗಾರನು ಎರಡನೆಯದೊಂದು ಲೋಕದ ನಿರ್ಮಾತೃ, ಆ ಲೋಕವು ತನ್ನ ನಿಯಮಗಳಿಗೆ ತಾನು ಬದ್ಧವಾಗಿರುವಷ್ಟು ಕಾಲ ನಾವು ಅದರೊಳಗಿರುತ್ತೇವೆ, ನಿಯಮ ತಪ್ಪಿದ ಒಡನೆಯೇ ಹೊರಗೆ ಬೀಳುತ್ತೇವೆ.

ಇನ್ನು ಕವಲುಗಳ ಹೆಸರುಗಳು. ಇವುಗಳಲ್ಲಿ 'ಹೈ' ಮತ್ತು 'ಲೋ' ಎಂಬ ಎರಡು ಮಾತುಗಳು ಮಾಡಿರುವಷ್ಟು ಗೊಂದಲವನ್ನು ಬೇರೆ ಯಾವುವೂ ಮಾಡಿಲ್ಲ. ಹೈ ಫ್ಯಾಂಟಸಿ ಎಂದರೆ ಉತ್ತಮ ಸಾಹಿತ್ಯ, ಲೋ ಫ್ಯಾಂಟಸಿ ಎಂದರೆ ಅಗ್ಗದ ಸರಕು ಎಂದು ತಿಳಿದವರು ಅನೇಕರು. ಅಮೆರಿಕದ ಲೇಖಕ ಲಾಯ್ಡ್ ಅಲೆಕ್ಸಾಂಡರ್ 1971ರ ಒಂದು ಪ್ರಬಂಧದಿಂದ ಪ್ರಚಾರಕ್ಕೆ ತಂದ 'ಹೈ ಫ್ಯಾಂಟಸಿ' ಎಂಬ ಹೆಸರು ಕ್ರಮೇಣ ಪಡೆದುಕೊಂಡ ಅರ್ಥದಲ್ಲಿ, ಇದು ಗುಣದ ಭೇದವಲ್ಲ, ನೆಲೆಯ ಭೇದ: ಕಥೆಯು ನಮ್ಮದಲ್ಲದ ಬೇರೊಂದು ಲೋಕದಲ್ಲಿಯೇ ನಡೆದರೆ ಅದು ಹೈ, ನಮ್ಮ ಈ ಲೋಕದೊಳಕ್ಕೇ ಅದ್ಭುತವು ನುಗ್ಗಿ ಬಂದರೆ ಅದು ಲೋ. ಅದ್ಭುತವು ಯಾವ ಬಾಗಿಲಿನಿಂದ ಬಂದಿತೆಂದು ಕೇಳುವುದೊಂದೇ ಇಲ್ಲಿ ದಾರಿ.

ನಮ್ಮ ಸೀಮೆಯಿಂದಲೇ ಉದಾಹರಣೆಗಳನ್ನು ಕಲ್ಪಿಸಿಕೊಳ್ಳೋಣ. ಒಬ್ಬ ಲೇಖಕಿಯು ನದಿ, ಪರ್ವತ, ಭಾಷೆ, ವಂಶಾವಳಿಗಳನ್ನೆಲ್ಲ ತಾನೇ ಸೃಷ್ಟಿಸಿ, ಯಾವ ಭೂಪಟದಲ್ಲಿಯೂ ಇಲ್ಲದ ದೇಶವೊಂದರ ಅಳಿವು ಉಳಿವಿನ ಯುದ್ಧವನ್ನು ವಿಸ್ತರಿಸಿ ಬರೆದಳೆಂದರೆ ಅದು ಹೈ ಫ್ಯಾಂಟಸಿ. 1954 ಮತ್ತು 1955ರಲ್ಲಿ ಮೂರು ಸಂಪುಟಗಳಲ್ಲಿ ಬಂದ ಟೋಲ್ಕಿನ್ನರ ಮಹಾಕಥೆಯ ಕುಲ ಇದು. ಅದೇ ಲೇಖಕಿಯು, ಹೊಯ್ಸಳ ಸೋಮೇಶ್ವರನ ಮಗ ರಾಮನಾಥನು ಕಣ್ಣನೂರನ್ನು ಬಿಟ್ಟು ಹೊಸೂರಿಗೆ ಸಮೀಪದ ಕುಂದಾಣಿಯಲ್ಲಿ ನೆಲೆಯೂರಿ ಅಣ್ಣನ ಪಾಳಯದೊಡನೆ ಹೆಣಗುತ್ತಿದ್ದ ಹದಿಮೂರನೆಯ ಶತಮಾನದ ಕೊನೆಯ ದಶಕಗಳನ್ನೆತ್ತಿಕೊಂಡು, ಅವನ ಆಸ್ಥಾನದಲ್ಲಿ ಬೇತಾಳನೊಬ್ಬನನ್ನು ಮಂತ್ರಿಯಾಗಿ ಕೂರಿಸಿದರೆ ಅದು ಐತಿಹಾಸಿಕ ಫ್ಯಾಂಟಸಿ. ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಸ್ ನಿಲ್ದಾಣಕ್ಕೆ ಬಂದ ಕೂಲಿಯೊಬ್ಬನ ಪಕ್ಕದಲ್ಲಿ ಯಕ್ಷಿಣಿಯೊಬ್ಬಳು ಟಿಕೆಟ್ಟಿಗೆ ಚಿಲ್ಲರೆ ಹುಡುಕುತ್ತ ನಿಂತಿದ್ದರೆ ಅದು ನಗರದ ಫ್ಯಾಂಟಸಿ. ಲೋ ಎಂಬ ದೊಡ್ಡ ಕೊಂಬೆಯ ಒಂದು ರೆಂಬೆ. ರಾಜ್ಯದ ಉಳಿವಿನ ಗೊಡವೆಯಿಲ್ಲದೆ ತನ್ನ ಹೊಟ್ಟೆ, ತನ್ನ ಹಗೆ, ತನ್ನ ಪ್ರಾಣಗಳಿಗಾಗಿ ಮಾಟಗಾರರೊಡನೆ ಕಾದಾಡುವ ಒಂಟಿ ಅಲೆಮಾರಿಯ ಕಥೆಯಾದರೆ, ಅದಕ್ಕೆ ಅಮೆರಿಕದ ಲೇಖಕ ಫ್ರಿಟ್ಜ್ ಲೈಬರ್ 1961ರಲ್ಲಿ 'ಕತ್ತಿ ಮತ್ತು ಮಾಟ' ಎಂಬ ಅರ್ಥ ಬರುವ ಹೆಸರನ್ನಿಟ್ಟರು. ಒಂದೇ ಕಥೆ ಎರಡು ಕವಲುಗಳಿಗೆ ಸೇರುವುದೂ ಉಂಟು. ಅದರಿಂದ ಕಥೆಗೇನೂ ಕುಂದಿಲ್ಲ.

ನಮ್ಮಂತಹ ಮನುಷ್ಯನೊಬ್ಬನು ಒಂದು ಬಾಗಿಲನ್ನು ದಾಟಿ ಬೇರೊಂದು ಲೋಕಕ್ಕೆ ಹೋಗಿ ಮರಳುವ ಕಥೆಗೆ ಪೋರ್ಟಲ್ ಫ್ಯಾಂಟಸಿಯೆಂದು ಹೆಸರು. ಲೂಯಿಸ್ ಕ್ಯಾರಲ್ಲನ ಆಲಿಸಳು ಮೊಲದ ಬಿಲದೊಳಕ್ಕೆ ಬಿದ್ದದ್ದು 1865ರಲ್ಲಿ; ನಾ. ಕಸ್ತೂರಿಯವರ ಕೈಯಲ್ಲಿ ಅವಳು ಕನ್ನಡದ ಪಾಪಚ್ಚಿಯಾಗಿ ಪಾತಾಳಕ್ಕೆ ಇಳಿದಳು. 'ಪಾತಾಳದಲ್ಲಿ ಪಾಪಚ್ಚಿ' ಎಂಬ ಆ ಹೆಸರಿನಲ್ಲಿರುವ ಪಾತಾಳವೆಂಬ ಒಂದು ಪದವು, ಪರದೇಶದ ಬಿಲವನ್ನು ನಮ್ಮ ಮಕ್ಕಳು ಅಜ್ಜಿಯ ಬಾಯಲ್ಲಿ ಕೇಳಿ ಬಲ್ಲ ಲೋಕಕ್ಕೆ ಎಷ್ಟು ಸಹಜವಾಗಿ ಜೋಡಿಸಿತೆಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಮಾಂತ್ರಿಕ ವಾಸ್ತವವು ಫ್ಯಾಂಟಸಿಯ ಗೌರವಾನ್ವಿತ ಪರ್ಯಾಯನಾಮವೆಂಬ ಭ್ರಮೆಯನ್ನು ಚಿಕ್ಕದಾಗಿಯೇ ನಿವಾರಿಸಬಹುದು. ಜರ್ಮನಿಯ ಫ್ರಾನ್ಸ್ ರೋ 1925ರಲ್ಲಿ ಆ ಪದವನ್ನು ಬಳಸಿದ್ದು ಚಿತ್ರಕಲೆಯ ಬಗೆಗೆ. ಕಥಾಸಾಹಿತ್ಯದಲ್ಲಿ ಅದರ ಲಕ್ಷಣವೆಂದರೆ ಅದ್ಭುತದ ಮುಂದೆ ಪಾತ್ರಗಳು ಬೆರಗಾಗದಿರುವುದು; ಮಳೆ ಬಂದಂತೆ, ನೆಂಟರು ಬಂದಂತೆ ಅದ್ಭುತವೂ ಬಂದು ಹೋಗುತ್ತದೆ, ಅದಕ್ಕೆ ಬೇರೆ ಲೋಕವೂ ಬೇಕಿಲ್ಲ, ಬಾಗಿಲೂ ಬೇಕಿಲ್ಲ.

ಇದೆಲ್ಲವೂ ಇಂಗ್ಲಿಷಿನವರಿಂದ ಬಂದದ್ದು ಎಂದು ಒಂದು ಪಕ್ಷ. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎಂದು ಇನ್ನೊಂದು ಪಕ್ಷ. ಎರಡೂ ಅರ್ಧಸತ್ಯಗಳು. ಹೊಸೂರಿನ ಸೀಮೆಯನ್ನೂ ಒಮ್ಮೆ ಆಳಿದ ಗಂಗರ ಅರಸು ದುರ್ವಿನೀತನು, ಆರನೆಯ ಶತಮಾನದಷ್ಟು ಹಿಂದೆ, ಗುಣಾಢ್ಯನು ಪೈಶಾಚಿ ಭಾಷೆಯಲ್ಲಿ ರಚಿಸಿದ ಬೃಹತ್ಕಥೆಯನ್ನು ಸಂಸ್ಕೃತಕ್ಕೆ ತಂದನೆಂದು ಕೋಲಾರ ಸೀಮೆಯ ಗುಮ್ಮರೆಡ್ಡಿಪುರದ ತಾಮ್ರಶಾಸನವು ಹೇಳುತ್ತದೆ. ವಿದ್ಯಾಧರರೂ ಬೇತಾಳರೂ ಹಾರುವ ಯಂತ್ರಗಳೂ ತುಂಬಿದ್ದ ಆ ಕಥಾಪ್ರಪಂಚವನ್ನು ಮಕ್ಕಳ ಆಟಿಕೆಯೆಂದು ಬಗೆಯದೆ, ವ್ಯಾಕರಣಗ್ರಂಥದ ಕರ್ತೃವೆಂದೂ ಭಾರವಿಯ ಕಾವ್ಯಕ್ಕೆ ವ್ಯಾಖ್ಯಾನ ಬರೆದವನೆಂದೂ ಹೆಸರಾಗಿದ್ದ ದೊರೆಯೊಬ್ಬನು ಅದಕ್ಕೆ ಕೈಹಾಕಿದನೆಂಬುದು, ಫ್ಯಾಂಟಸಿಯು ಎಳೆಯರಿಗೆ ಮಾತ್ರ ತಕ್ಕುದೆಂಬ ತಪ್ಪಿಗೂ ಉತ್ತರವಾಗಿದೆ. ದುರ್ವಿನೀತನ ಕೃತಿಯಾಗಲಿ ಗುಣಾಢ್ಯನ ಮೂಲವಾಗಲಿ ಇಂದು ಉಳಿದಿಲ್ಲ; ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ರಾಣಿ ಸೂರ್ಯವತಿಗಾಗಿ ಬರೆದ ಕಥಾಸರಿತ್ಸಾಗರದ ಮೂಲಕ ಅದರ ವೈಭವವನ್ನು ಊಹಿಸಿಕೊಳ್ಳಬೇಕಾಗಿದೆ. ಆದರೂ, ಒಂದು ಅನ್ಯಲೋಕವನ್ನು ಅದರ ಭೂಗೋಳ, ಚರಿತ್ರೆ, ಭಾಷೆಗಳ ಸಮೇತ ಗದ್ಯದ ಕಾದಂಬರಿಯಾಗಿ ಕಟ್ಟಿ, ಇದು ಸಂಪೂರ್ಣ ಉತ್ಪಾದ್ಯವೆಂದು ಘೋಷಿಸಿ ಓದುಗನ ಕೈಗಿಡುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ, 1858ರ ಜಾರ್ಜ್ ಮ್ಯಾಕ್‌ಡೊನಾಲ್ಡರ ಕೃತಿಯ ಆಸುಪಾಸಿನಲ್ಲಿ, ರೂಪುಗೊಂಡಿತೆಂಬುದನ್ನು ಒಪ್ಪಿಕೊಳ್ಳುವುದರಿಂದ ನಮಗೆ ಯಾವ ನಷ್ಟವೂ ಇಲ್ಲ.

ಕಥಾ, ಆಖ್ಯಾಯಿಕಾ ಎಂಬ ಭೇದವನ್ನು ಹಿರಿಯ ಆಲಂಕಾರಿಕರು ಕಟ್ಟುನಿಟ್ಟಾಗಿ ಹೇಳುತ್ತಿದ್ದಾಗ, ಇವು ಒಂದೇ ಜಾತಿಯ ಎರಡು ಹೆಸರುಗಳೆಂದು ದಂಡಿಯು ತನ್ನ ಕಾವ್ಯಾದರ್ಶದಲ್ಲಿ ಆಕ್ಷೇಪಿಸಿದ್ದುಂಟು. ಕವಲುಗಳ ಹೆಸರು ಹಿಡಿದು ವಾದಿಸುವ ಓದುಗರಿಗೆ ಆ ಆಕ್ಷೇಪದ ನೆನಪಿರಲೆಂದು ಇಲ್ಲಿ ಹೇಳಿದೆ. ಆದರೆ ದಂಡಿಯ ಮಾತನ್ನು ಎಲ್ಲಿಯವರೆಗೆ ಒಯ್ಯಬಹುದೆಂಬುದಕ್ಕೆ ನನ್ನ ಕಣ್ಣ ಮುಂದೆ ಬರುವುದು ಕೃಷ್ಣಗಿರಿ ಜಿಲ್ಲೆಯ ಮಲ್ಲಸಂದ್ರದ ಗುಡ್ಡ, ತಮಿಳಿನಲ್ಲಿ ಮಲ್ಲಚಂದ್ರಂ. ಅಲ್ಲಿ ಬಂಡೆಯ ಚಪ್ಪಡಿಗಳನ್ನು ಗೋಡೆಯಾಗಿ ನಿಲ್ಲಿಸಿ, ಮೇಲೊಂದು ಚಪ್ಪಡಿಯನ್ನು ಹೊದಿಸಿ, ಮುಂಭಾಗದಲ್ಲಿ ದುಂಡನೆಯ ಕಿಂಡಿ ಕೊರೆದ ಕಲ್ಲುಮನೆಗಳು ಗುಂಪುಗುಂಪಾಗಿವೆ. ಇವು ಬೃಹತ್ ಶಿಲಾಯುಗದ ಜನರು ಸತ್ತವರಿಗಾಗಿ ನಿರ್ಮಿಸಿದ ಸ್ಮಾರಕಗಳೆಂದು ಪುರಾತತ್ವಜ್ಞರು ಹೇಳುತ್ತಾರೆ, ಅದು ಶಾಸ್ತ್ರ. ಇಂತಹ ಮನೆಗಳನ್ನು ಕನ್ನಡನಾಡಿನ ಉದ್ದಕ್ಕೂ ಜನರು ಪಾಂಡವರವೆಂದೋ, ಹಿರೇಬೆಣಕಲ್ಲಿನ ಮೋರ್ಯರ ಗುಡ್ಡದಲ್ಲಿ ಹೇಳುವಂತೆ ಗಿಡ್ಡ ದೇಹದ ಒಂದು ಜನಾಂಗದವೆಂದೋ ಹೇಳುತ್ತಾರೆ, ಅದು ಐತಿಹ್ಯ. ನಾಳೆ ಡೆಂಕಣಿಕೋಟೆಯ ಕಡೆಯ ಒಬ್ಬ ಹುಡುಗಿ, ಶಾಸ್ತ್ರವನ್ನೂ ಐತಿಹ್ಯವನ್ನೂ ಬಲ್ಲವಳಾಗಿಯೇ, ಆ ಕಿಂಡಿಯೊಳಗೆ ತೂರಿ ಆಚೆ ಹೋದವಳ ಕಥೆಯೊಂದನ್ನು ಕನ್ನಡದಲ್ಲಿ ಬರೆದಾಳು. ಆ ಕಿಂಡಿ ಒಂದು ಮಗು ನುಸುಳುವಷ್ಟು ಅಗಲವಿದೆಯೇ ಎಂದು ಅವಳು ಮೊದಲು ಅಳೆದು ನೋಡಲೆಂದು ನನ್ನ ಹಾರೈಕೆ.